ಕೆಂಪಂಗಿ ಅಜ್ಜನ ತಿಥಿ

ಡಿಸೆಂಬರ್ ಇಪ್ಪತ್ತೈದರ ಸಂಜೆ ಇಡೀ ಪ್ರಪಂಚದಲ್ಲಿ ಯಾವುದಾದರೂ ಒಂದು ಮನೆಯವರು ಸಾಲಾಗಿ ಕುಳಿತು ಗೋಳೋ ಎಂದು ಅಳುತ್ತಿದ್ದರೆ, ಅದು ನಮ್ಮ ಸೋದರಮಾವನ ಮನೆಯೇ ಸರಿ! ನೀವು ನಗಬಹುದು. ಧಾರಾಳವಾಗಿ ನಕ್ಕುಬಿಡಿ. ಆರು ವರ್ಷ ಆ ಸಾಲಿನಲ್ಲಿ ಕುಳಿತು ಅತ್ತವಳು ನಾನು. ನಗುವ ಅವಕಾಶ ನನಗೆ ಏಳನೆಯ ವರ್ಷ ಸಿಕ್ಕಿತು, ಸಿಕ್ಕಿದ ದಿನವೇ ಅದು ಬೇಡವಾಗಿತ್ತು ಅನಿಸಿತು.

ನಾವೇನು ಕ್ರೈಸ್ತರಲ್ಲ. ಹಿರಿಯೂರಿನ ಹತ್ತಿರ ನಾಲೆ ಪಕ್ಕದ ಹಳ್ಳಿಯವರು, ವಿಭೂತಿ ಹಚ್ಚುವ ಜನ. ಮಾರಿಕಣಿವೆ ಅಣೆಕಟ್ಟಿನಿಂದ ಬರುವ ಆ ನಾಲೆಯ ಗೇಟು ಎತ್ತಿ ಇಳಿಸುವುದು ಮಾವನ ಸರ್ಕಾರಿ ಕೆಲಸ. ಮಾತು ಮಾತ್ರ ಮಹಾ ಕಮ್ಮಿ. 'ಊಟ ಆಯ್ತಾ?' ಎಂದರೆ 'ಹ್ಞೂಂ', 'ಇನ್ನೊಂದು ಮುದ್ದೆ ಹಾಕ್ಲಾ?' ಎಂದರೂ 'ಹ್ಞೂಂ'. ಎರಡಕ್ಕೂ ಮುಖ ಒಂದೇ! ಅತ್ತೆ ಮದುವೆಯಾದ ನಾಲ್ಕನೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡರು. ಮಕ್ಕಳಿರಲಿಲ್ಲ. ಮಾರನೆಯ ಬೆಳಿಗ್ಗೆ ಮಾವ ಎಂದಿನಂತೆ ಗೇಟು ಎತ್ತಲು ಹೋದರು. ಕೊನೇ ಗದ್ದೆಯವರಿಗೆ ಆವತ್ತು ನೀರಿನ ಸರದಿಯಂತೆ. ಒಂದು ಹನಿ ಕಣ್ಣೀರು ಹಾಕಲಿಲ್ಲ. 'ಅದು ಮನುಷ್ಯ ಅಲ್ಲ, ಕಲ್ಲು' ಎಂದು ಊರು ತೀರ್ಪು ಕೊಟ್ಟಿತು, ಮಾವ ಅದಕ್ಕೂ 'ಹ್ಞೂಂ' ಅಂದಿರಬೇಕು.

ಅಪ್ಪನ ಕೆಲಸ ದೂರದ ಊರಿನಲ್ಲಿದ್ದುದರಿಂದ ಅಮ್ಮ ಮತ್ತು ನಾನು ಆ ಮನೆಯಲ್ಲೇ ಇದ್ದೆವು. ಜೊತೆಗೆ ಅಜ್ಜಿ, ಮದುವೆಯಾಗದ ಚಿಕ್ಕಮ್ಮ. ಇಷ್ಟು ಜನ ನೆಮ್ಮದಿಯಾಗಿ ಇದ್ದಲ್ಲಿಗೆ, ಎಪ್ಪತ್ತರ ದಶಕ ಶುರುವಾಗುತ್ತಿದ್ದಂತೆ ಆ ಪೆಟ್ಟಿಗೆ ಬಂತು.

ಮಾರಿಕಣಿವೆಯ ಕಡೆ ಒಂದು ಬಂಗಲೆಯಲ್ಲಿ ವಯಸ್ಸಾದ ಇಂಗ್ಲಿಷ್ ದೊರೆಯೊಬ್ಬ ಒಂಟಿಯಾಗಿದ್ದನಂತೆ. ಆತ ಹೋದ ಮೇಲೆ ಸಾಮಾನು ಹರಾಜಾಯಿತು. ಉಳಿದವರು ಕುರ್ಚಿ, ಮಂಚ, ಬೋಗುಣಿ ತಂದರೆ ನಮ್ಮ ಮಾವ ತಂದದ್ದು ತುತ್ತೂರಿಯಿದ್ದ ಒಂದು ಗ್ರಾಮಾಫೋನು, ಒಂದೇ ಒಂದು ಪ್ಲೇಟು ಮತ್ತು ಕಟ್ಟು ಹಾಕಿದ ಒಂದು ಚಿತ್ರ. ಚಿತ್ರದಲ್ಲಿ ಕೆಂಪಂಗಿ, ಕೆಂಪು ಟೋಪಿ, ಎದೆ ಮುಚ್ಚುವ ಬಿಳೀ ಗಡ್ಡದ ಒಬ್ಬ ಅಜ್ಜ. ಬಂಗಲೆಯ ಅಡುಗೆಯವನು ಮಾವನಿಗೆ ಇಷ್ಟು ಹೇಳಿದ್ದನಂತೆ: "ಈ ಪ್ಲೇಟು ವರ್ಷಕ್ಕೆ ಒಂದೇ ದಿನ ಹಾಕಾದು, ಕ್ರಿಸ್‌ಮಸ್ ದಿನ. ದೊರೆ ಈ ಚಿತ್ರದ ಮುಂದೆ ಒಬ್ಬನೇ ಕುಂತ್ಕಂಡು ಕಣ್ಣೊರೆಸ್ಕಳೋನು."

ಮುಗಿಯಿತು! ನಮ್ಮ ಮಾವನಿಗೆ ಇನ್ನೇನು ಬೇಕು? ಆ ಡಿಸೆಂಬರ್ ಇಪ್ಪತ್ತೈದರ ಸಂಜೆ ಪಡಸಾಲೆಯಲ್ಲಿ ಪೆಟ್ಟಿಗೆ ಇಟ್ಟು, ಕೀಲಿ ಕೊಟ್ಟು, ಮುಳ್ಳು ಇಳಿಸಿದರು. ಯಾವ ಕಾಲದ ಗ್ರೀಸೋ, ಒಳಗೆ ಗಟ್ಟಿಯಾಗಿತ್ತು ಎಂದು ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಪ್ಲೇಟು ಮೆಲ್ಲಗೆ, ಬಹಳ ಮೆಲ್ಲಗೆ ತಿರುಗಿತು. ಒಳಗಿಂದ ಢಣ್... ಢಣ್... ಎಂದು ಸಾವಿನ ಗಂಟೆ. ಹಿಂದೆಯೇ ನಾಲ್ಕಾರು ಗಂಡಸರು ಎದೆಯಾಳದಿಂದ ಎಳೆದೆಳೆದು ಹಾಡಿದರು. ನಡುವೆ ಒಬ್ಬ ಮುದುಕನ ದನಿ 'ಹೋ.... ಹೋ.... ಹೋ....' ಎಂದು ಹೊಟ್ಟೆ ಹಿಸುಕಿಕೊಂಡು ರೋದಿಸಿತು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಯಾರೋ ಹೋಗ್ಬಿಟ್ಟವ್ರೆ ಕಣಪ್ಪ," ಎಂದಳು.

ಮಾವ ಕೆಂಪಂಗಿಯ ಚಿತ್ರ ತೋರಿಸಿದರು. "ಇವ್ರೇ."

"ಏನಾಗಿತ್ತಂತೆ?"

"ಮೈ ತುಂಬ ಎಷ್ಟು ಬಟ್ಟೆ ಹಾಕ್ಕಂಡವ್ರೆ ನೋಡು. ಚಳಿಜ್ವರ."

ಮಾವನ ಬಾಯಲ್ಲಿ ಒಂದೇ ಸಲ ಅಷ್ಟು ಮಾತು ನಾನು ಕೇಳಿದ್ದು ಅದೇ ಮೊದಲು. ಚಿತ್ರಕ್ಕೆ ವಿಭೂತಿ ಬಿತ್ತು, ಚೆಂಡು ಹೂವಿನ ಹಾರ ಬಿತ್ತು, ಊದಿನಕಡ್ಡಿ ಹಚ್ಚಿದ್ದಾಯಿತು. ಆಮೇಲೆ ಮಾವ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖಕ್ಕೆ ಹಿಡಿದು ಅತ್ತರು. ಹೌದು, ಕಲ್ಲು ಅತ್ತಿತು! ಹೆಂಡತಿ ಸತ್ತಾಗ ಅಳದವನು ಯಾವುದೋ ದೇಶದ ಗಡ್ಡದ ಅಜ್ಜನಿಗೆ ಹೀಗೆ ಅಳುತ್ತಾನಲ್ಲ ಎಂದು ಎಲ್ಲರೂ ದಂಗಾದರು. ದಂಗಾಗಿ, ತಾವೂ ಅತ್ತರು.

ಅಲ್ಲಿಂದ ಪ್ರತಿ ವರ್ಷ ಇದೇ ನಮ್ಮ ಮನರಂಜನೆ! ಆ ದಿನ ಮನೆಯಲ್ಲಿ ಒಗ್ಗರಣೆ ನಿಷಿದ್ಧ. ಸಾವಿನ ಮನೆಯಲ್ಲಿ ಒಗ್ಗರಣೆ ಹಾಕುತ್ತಾರೆಯೇ? ಮಧ್ಯಾಹ್ನ ಸಪ್ಪೆ ಸಾರು, ಸಂಜೆ ಬಂದವರಿಗೆಲ್ಲ ಸಪ್ಪೆ ಮಂಡಕ್ಕಿ. ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿ, ಮೆಣಸಿನಕಾಯಿ ಬೋಂಡ ಇಲ್ಲದೆ, ಒಗ್ಗರಣೆಯಿಲ್ಲದೆ ಬರೀ ಮಂಡಕ್ಕಿ ಮುಕ್ಕುವ ಸಂಕಟ ನಿಮಗೇನು ಗೊತ್ತು? ನಾನು ಅರ್ಧ ಅತ್ತದ್ದು ಅದಕ್ಕೇ. ಅಕ್ಕಪಕ್ಕದವರೂ ಬರಲು ಶುರು ಮಾಡಿದರು. ಸೊಸೆಯ ಕಾಟದವರು, ಕುರಿ ಕಳೆದುಕೊಂಡವರು, ಗಂಡನ ಮೇಲೆ ಸಿಟ್ಟಾದವರು, ಎಲ್ಲರೂ ತಮ್ಮ ತಮ್ಮ ದುಃಖ ತಂದು ಕೆಂಪಂಗಿ ಅಜ್ಜನ ಲೆಕ್ಕದಲ್ಲಿ ಅತ್ತು ಹಗುರಾಗಿ ಹೋಗುತ್ತಿದ್ದರು. ಹಾಡು ಮುಗಿದರೆ ಮಾವ ಮತ್ತೆ ಕೀಲಿ ಕೊಡುತ್ತಿದ್ದರು. ಪ್ಲೇಟಿನ ಹಿಂಬದಿಯಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಒಂದು ಬದಿಯ ದುಃಖವೇ ಸಾಕಾಗಿತ್ತು.

ಮೂರನೆಯ ವರ್ಷ ಅನಾಹುತವಾಯಿತು. ಚಿಕ್ಕಮ್ಮನನ್ನು ನೋಡಲು ಬಾಗೂರಿನಿಂದ ಗಂಡಿನವರು ಬರಬೇಕಾದದ್ದು ಮಾರನೆಯ ದಿನ. ಆ ಪುಣ್ಯಾತ್ಮರು ಯಾವುದೋ ಗಾಡಿ ಸಿಕ್ಕಿತೆಂದು ಒಂದು ದಿನ ಮೊದಲೇ, ಸರಿಯಾಗಿ 'ಹೋ.... ಹೋ....' ಎನ್ನುವ ಹೊತ್ತಿಗೆ ಬಾಗಿಲಲ್ಲಿ ನಿಂತರು. ಒಳಗೆ ಇಪ್ಪತ್ತು ಜನ ಅಳುತ್ತಿದ್ದಾರೆ. ಅಮ್ಮ ಗಡಬಡಿಸಿ ಎದ್ದಳು. ಅಜ್ಜಿ ಮಾತ್ರ ಮೂಗೊರೆಸಿಕೊಂಡು, "ಬರ್ರಿ, ಬರ್ರಿ, ಕುಂತ್ಕಳ್ರಿ" ಎಂದಳು.

ಗಂಡಿನ ತಂದೆ ಚಪ್ಪಲಿ ಬಿಡದೆ ಕೇಳಿದರು: "ಯಾರು ಹೋದ್ರವ್ವ?"

ಅಜ್ಜಿ ಹಾರ ಹಾಕಿದ ಚಿತ್ರ ತೋರಿಸಿದಳು.

"ನಿಮಗೇನಾಗ್ಬೇಕು ಇವ್ರು?"

"ಏನೂ ಆಗ್ಬೇಕಿಲ್ಲ."

ಗಂಡಿನ ತಂದೆ ಚಿತ್ರ ನೋಡಿದರು, ಮೂಲೆಯಲ್ಲಿ ಕಣ್ಣು ಕೆಂಪಾಗಿ ಕುಳಿತ ಚಿಕ್ಕಮ್ಮನನ್ನು ನೋಡಿದರು. ಸಂಬಂಧ ಮುರಿಯಿತು ಎಂದು ಅಮ್ಮ ಕಣ್ಣು ಮುಚ್ಚಿಕೊಂಡಳು. ಆ ಹಿರಿಯರು ನಿಧಾನವಾಗಿ ಚಪ್ಪಲಿ ಬಿಟ್ಟು ಒಳಗೆ ಬಂದು, "ಏನೂ ಆಗದೋರಿಗೇ ಇಷ್ಟು ಅಳೋ ಹುಡುಗಿ, ಅತ್ತೆ ಮಾವನ್ನ ಬಿಡ್ತಾಳಾ? ತಾಂಬೂಲ ತಗಳ್ರಿ" ಎಂದುಬಿಟ್ಟರು! ಚಿಕ್ಕಮ್ಮ ಇವತ್ತಿಗೂ ಬಾಗೂರಿನಲ್ಲಿ ಸುಖವಾಗಿದ್ದಾಳೆ. ಅವಳು ಅತ್ತದ್ದು ಹಲ್ಲುನೋವಿಗೆ ಎಂಬುದು ನನಗೂ ಅವಳಿಗೂ ಮಾತ್ರ ಗೊತ್ತು.

ಇನ್ನು ನನ್ನ ಮಾನ ಹೋದ ಕಥೆ. ಹೈಸ್ಕೂಲಿಗೆ ನನ್ನನ್ನು ಚಿತ್ರದುರ್ಗದ ನೆಂಟರ ಮನೆಯಲ್ಲಿ ಬಿಟ್ಟರು. ಅಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಕ್ರೈಸ್ತರ ಹುಡುಗಿ. ಡಿಸೆಂಬರ್ ಇಪ್ಪತ್ತನಾಲ್ಕರ ಬೆಳಿಗ್ಗೆ, "ನಾಳೆ ನಮ್ಮ ಹಬ್ಬ. ನೀನು ಊರಿಗೆ ಹೋಗ್ತೀಯಲ್ಲ, ಇವತ್ತೇ ಮನೆಗೆ ಬಂದು ಹೋಗೆ" ಎಂದಳು. ಹಬ್ಬವಂತೆ, ಪಾಪ! ದುಃಖ ಮುಚ್ಚಿಟ್ಟುಕೊಳ್ಳಲು ಹಾಗೆ ಹೇಳುತ್ತಾರೆ ಎಂದುಕೊಂಡೆ. ತಲೆಗೆ ಹೂ ಮುಡಿಯಲಿಲ್ಲ. ಮಾಸಲು ಲಂಗ ಹಾಕಿಕೊಂಡು, ಮುಖ ಇಳಿಬಿಟ್ಟುಕೊಂಡು ಹೋದೆ. ಒಳಗೆ ಅವಳ ತಾಯಿ ಕಜ್ಜಾಯ ಕರಿಯುತ್ತಿದ್ದರು. ನಾನು ನೇರ ಹೋಗಿ ಅವರ ಕೈ ಹಿಡಿದುಕೊಂಡೆ.

"ಸಮಾಧಾನ ಮಾಡ್ಕಳ್ರಿ ಅಮ್ಮ. ವಯಸ್ಸಾಗಿತ್ತು. ನಮ್ಮ ಮನೇಲೂ ಎಲ್ರೂ ಅಳ್ತಾರೆ."

ಆ ತಾಯಿ ಜಾಲರಿ ಕೈಲಿ ಹಿಡಿದೇ ನಿಂತರು. ಪೆಟ್ಟಿಗೆ, ಪ್ಲೇಟು, ಚಿತ್ರ ಎಲ್ಲವನ್ನೂ ನಾನೇ ಬಿಡಿಸಿ ಹೇಳಿದೆ. ಗೆಳತಿಯ ಅಪ್ಪ, ಹೊಲಿಗೆ ಕೆಲಸದವರು, ಮಿಷನ್ನು ನಿಲ್ಲಿಸಿ, "ಎಲ್ಲಿ, ಆ ಹಾಡು ಹೇಳವ್ವ" ಎಂದರು. ನಾನು ಎಳೆದೆಳೆದು ಹಾಡಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿದರು. ತಾಳ ಸ್ವಲ್ಪ ಬೇಗವಾಯಿತು. ಇನ್ನೂ ಬೇಗವಾಯಿತು. ನಾನೂ ಹಿಂದೆಯೇ ಓಡಿದೆ. ನೋಡನೋಡುತ್ತಿದ್ದಂತೆ ಮನೆಯ ಮಕ್ಕಳೆಲ್ಲ ಚಪ್ಪಾಳೆ ತಟ್ಟಿಕೊಂಡು ನನ್ನ ಶೋಕಗೀತೆಗೆ ಕುಣಿಯತೊಡಗಿದರು! ಆ ಮುದುಕ ಅಳುತ್ತಿರಲಿಲ್ಲ, ನಗುತ್ತಿದ್ದ. ಅದು ಸಾವಿನ ಗಂಟೆಯಲ್ಲ. ಅಜ್ಜ ಸತ್ತೇ ಇಲ್ಲ, ಮಕ್ಕಳಿಗೆ ಮಿಠಾಯಿ ಹಂಚುತ್ತಾನಂತೆ!

ನನಗೆ ನಾಚಿಕೆ, ಅದಕ್ಕಿಂತ ಸಿಟ್ಟು. ಆರು ವರ್ಷದ ಕಣ್ಣೀರು, ಆರು ವರ್ಷದ ಸಪ್ಪೆ ಮಂಡಕ್ಕಿ! ಗೆಳತಿಯ ಅಪ್ಪ, ಪೆಟ್ಟಿಗೆಯೊಳಗೆ ಗ್ರೀಸು ಗಟ್ಟಿಯಾಗಿ ಪ್ಲೇಟು ನಿಧಾನ ತಿರುಗುತ್ತಿರಬೇಕು ಎಂದು ಹೊಲಿಗೆ ಮಿಷನ್ನಿನ ಎಣ್ಣೆಯ ಪುಟ್ಟ ಸೀಸೆ ಕೊಟ್ಟು, ಪ್ಲೇಟಿನ ಕೆಳಗೆ ಎಲ್ಲಿ ಬಿಡಬೇಕು, ಯಾವ ಕಡ್ಡಿ ಸರಿಸಿದರೆ ವೇಗ ಹೆಚ್ಚುತ್ತದೆ ಎಂದು ಹೇಳಿಕೊಟ್ಟರು. ಮಾರನೆಯ ದಿನ ಊರಿಗೆ ಬಂದು, ಮಾವ ಗೇಟಿಗೆ ಹೋದ ಹೊತ್ತು ನೋಡಿ ಅಷ್ಟನ್ನೂ ಮಾಡಿ ಮುಗಿಸಿದೆ. ಯಾರಿಗೂ ಹೇಳಲಿಲ್ಲ. ಎಂಥ ಬುದ್ಧಿವಂತೆ ನಾನು!

ಸಂಜೆ ಎಲ್ಲರೂ ಸೇರಿದರು. ಹಾರ, ವಿಭೂತಿ, ಊದಿನಕಡ್ಡಿ. ಮಾವ ಟವೆಲ್ಲು ತೊಡೆಯ ಮೇಲೆ ಹಾಸಿಕೊಂಡು, ಕೀಲಿ ಕೊಟ್ಟು, ಮುಳ್ಳು ಇಳಿಸಿದರು. ಠಿಣಿಠಿಣಿಠಿಣಿ ಎಂದು ಗಂಟೆ ಹಾರಿ ಬಂತು! ಗಂಡಸರು ಓಡುವವರಂತೆ ಹಾಡಿದರು, ಅಜ್ಜ 'ಹೊಹ್ಹೊಹ್ಹೋ' ಎಂದು ನಕ್ಕ. ಒಂದು ಗಳಿಗೆ ಎಲ್ಲರೂ ಬಾಯಿ ಬಿಟ್ಟರು. ಮೊದಲು ಅಜ್ಜಿಗೆ ನಗು ಬಂತು, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆಮೇಲೆ ಕುರಿ ಕಳೆದುಕೊಂಡವರು, ಸೊಸೆಯ ಕಾಟದವರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. "ಹಂಗಾರೆ ಒಗ್ಗರಣೆ ಹಾಕ್ರೇ!" ಎಂದು ಯಾರೋ ಕೂಗಿದರು.

ನಗದವರು ಒಬ್ಬರೇ. ಮಾವ ಟವೆಲ್ಲನ್ನು ಎರಡು ಸಲ ಮುಖದ ಹತ್ತಿರ ತಂದರು, ಎರಡು ಸಲವೂ ಇಳಿಸಿದರು. ಮುಳ್ಳು ಎತ್ತಿಟ್ಟರು. "ರಿಪೇರಿ ಮಾಡ್ದೇನವ್ವ? ಒಳ್ಳೇದಾತು" ಎಂದು ಎದ್ದು ನಾಲೆಯ ಕಡೆ ನಡೆದರು. ಆ ಹೊತ್ತಿನಲ್ಲಿ ಯಾರ ಗದ್ದೆಗೂ ನೀರಿನ ಸರದಿ ಇರಲಿಲ್ಲ.

ಜನ ಚದುರಿದರು. ಅಮ್ಮ ಹಾರ ತೆಗೆಯುತ್ತಾ ನನ್ನ ಮುಖ ನೋಡದೆ ಹೇಳಿದಳು: "ನಿಮ್ಮತ್ತೆ ಹೋದಾಗ ಅವನಿಗೆ ಅಳಾಕೆ ಬರಲಿಲ್ಲ. ಎಲ್ರೂ ಕಲ್ಲು ಅಂದ್ರು. ಚಳಿಜ್ವರ ಅಂತ ಅವನು ಯಾರಿಗೆ ಅಂದಿದ್ದು ಅಂತ ಗೊತ್ತೇನೇ ನಿಂಗೆ? ವರ್ಷಕ್ಕೆ ಒಂದು ದಿನ ಅಳ್ತಿದ್ದ. ಅದನ್ನೂ ರಿಪೇರಿ ಮಾಡಿಬಿಟ್ಟೆ."

ಅಯ್ಯೋ, ನಾನು ಎಂಥ ಪೆದ್ದಿ! ಅಮ್ಮನಿಗೆ ಗೊತ್ತಿತ್ತು. ಅಜ್ಜಿಗೂ ಗೊತ್ತಿದ್ದಿರಬೇಕು. ಆರು ವರ್ಷ ಅವರು ಕೆಂಪಂಗಿಯ ಅಜ್ಜನಿಗಾಗಿ ಸಪ್ಪೆ ಸಾರು ಮಾಡಿರಲಿಲ್ಲ. ಕಡ್ಡಿಯನ್ನು ಹಿಂದಕ್ಕೆ ಸರಿಸಿ ನೋಡಿದೆ. ಎಣ್ಣೆ ಕುಡಿದ ಪೆಟ್ಟಿಗೆ ಇನ್ನು ಮೊದಲಿನಷ್ಟು ನಿಧಾನವಾಗಲು ಒಪ್ಪಲಿಲ್ಲ. ಓಡಿಹೋಗಿ ನಾಲೆಯ ಏರಿಯ ಮೇಲೆ ಕುಳಿತಿದ್ದ ಮಾವನ ಕೈ ಹಿಡಿದು ಎಳೆದುಕೊಂಡು ಬಂದೆ. ಪಡಸಾಲೆಯಲ್ಲಿ ಅವರನ್ನು ಕೂರಿಸಿ, ಕೀಲಿ ಕೊಟ್ಟು, ಮುಳ್ಳು ಇಳಿಸಿ, ತಿರುಗುವ ಪ್ಲೇಟಿನ ಅಂಚಿಗೆ ನನ್ನ ತೋರುಬೆರಳು ಒತ್ತಿ ಹಿಡಿದೆ.

ಗಂಟೆ ತಡವರಿಸಿತು. ಢಣ್... ಢಣ್... ಮುದುಕನ ದನಿ ನನ್ನ ಬೆರಳ ಕೆಳಗೆ ಇಳಿಯುತ್ತಾ ಇಳಿಯುತ್ತಾ ಮತ್ತೆ ಅಳುವಾಯಿತು. ಮಾವ ನನ್ನ ಬೆರಳನ್ನೇ ನೋಡುತ್ತಿದ್ದರು.

"ಬೆರಳು ಉರಿತೈತೆ, ಬಿಡವ್ವ."

"ಉರಿಯಲ್ಲ ಮಾಮ. ನೀವು ಅಳ್ರಿ."

ಮಾವ ಟವೆಲ್ಲು ತೆಗೆದುಕೊಂಡರು.