ಆಯಿಯ ತವರು ಹೆಸರು

ಅವರ್ಸಾದಲ್ಲಿ ಮೊದಲು ಇ-ಮೇಲ್ ಖಾತೆ ತೆರೆದವನು ನಾನೇ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದ ಕಾಲವದು. ಹೆಂಡತಿ ಸುಮಿತ್ರಾ ಕಾರವಾರದ ಶಾಲೆಯೊಂದಕ್ಕೆ ಶಿಕ್ಷಕಿಯಾಗಲು ಅರ್ಜಿ ಬರೆಯುವಾಗ, "ನನ್ನ ಇ-ಮೇಲ್ ಕೊಡು. ಪೋಸ್ಟ್‌ಮನ್ ದಾರಿ ಕಾಯೂ ಕಾಲ ಹೋಯ್ತು" ಎಂದು ಅಪ್ಪಣೆ ಕೊಡಿಸಿದೆ.

ಒಂದು ದಿನ ಬಾಳೆಗುಳಿಯಿಂದ ಅವಳ ಗೆಳತಿಯ ಫೋನು. "ನಾಳೆ ಸಂದರ್ಶನವಂತೆ. ನಂಗೆ ಮೇಲ್ ಬಂತು, ನಿಂಗೆ?"

ಸರ್ಟಿಫಿಕೇಟಿನ ಫೈಲು ಹಿಡಿದು ಇಬ್ಬರೂ ಅಂಕೋಲೆಯ ಸೈಬರ್ ಅಂಗಡಿಗೆ ಓಡಿದೆವು. ಆರು ವರ್ಷದಿಂದ ಅವಳು ಕಾಯುತ್ತಿದ್ದ ಕೆಲಸ. ಕುರ್ಚಿ ಎಳೆದುಕೊಂಡು ಠೀವಿಯಿಂದ ಪಾಸ್‌ವರ್ಡ್ ಕುಟ್ಟಿದೆ. ತಪ್ಪು ಎಂದಿತು. ಇನ್ನೂ ಜೋರಾಗಿ ಕುಟ್ಟಿದೆ. ಆಗಲೂ ತಪ್ಪು! ಕಳ್ಳರಿಗೆ ಸಿಗಬಾರದೆಂದು ತಿಂಗಳಿಗೊಮ್ಮೆ ಬದಲಿಸುತ್ತಿದ್ದೆ. ಕಳ್ಳರಿಗೂ ಸಿಗಲಿಲ್ಲ, ನನಗೂ ಸಿಗಲಿಲ್ಲ.

ಕಂಪ್ಯೂಟರು ಗುಟ್ಟಿನ ಪ್ರಶ್ನೆ ಕೇಳಿತು: ಮದುವೆಗೆ ಮುಂಚೆ ನಿಮ್ಮ ತಾಯಿಯ ಹೆಸರೇನು?

ನಮ್ಮ ಮನೆತನದಲ್ಲಿ ಮದುವೆ ದಿನ ಗಂಡ ತಟ್ಟೆಯ ಅಕ್ಕಿಯಲ್ಲಿ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಹಳೆಯದು ತವರಿನಲ್ಲೇ ಉಳಿಯುತ್ತದೆ. ಆಯಿಯ ಹಳೆಯ ಹೆಸರು ನನಗೆ ನೆನಪೇ ಇರಲಿಲ್ಲ. ಪಕ್ಕದ ಬೂತಿನಿಂದ ಮನೆಗೆ ಫೋನು ಹಚ್ಚಿದೆ.

"ಆಯೀ, ಮದುವೆ ಮುಂಚೆ ನಿನ್ನ ಹೆಸರೆಂತಾ?"

"ಇಷ್ಟು ವರ್ಷದ ಮೇಲೆ ಒಬ್ಬ ಕೇಳ್ದ ನೋಡು!" ಆಯಿಗೆ ಖುಷಿಯೋ ಖುಷಿ. "ಜಾತಕದಲ್ಲಿ ದ್ವಾರಕಾ. ಶಾಲೆಯಲ್ಲಿ ಶೇವಂತಿ. ಅಪ್ಪ ಕರೀತಿದ್ದದ್ದು ಚಂಪಿ."

ಮೂರನ್ನೂ ಹಾಕಿದೆ. ಶೇವಂತಿಯನ್ನಂತೂ ಮೂರು ಬಗೆಯ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ. ಕಂಪ್ಯೂಟರಿಗೆ ಗುಮಾನಿ ಬಂತು. ಯಾರೋ ಅಪರಿಚಿತರು ನುಗ್ಗಲು ನೋಡುತ್ತಿದ್ದಾರೆ, ಇಪ್ಪತ್ನಾಲ್ಕು ತಾಸು ಖಾತೆ ಬಂದ್ ಎಂದು ಘೋಷಿಸಿತು. ಅಪರಿಚಿತ ನಾನೇ!

ಸುಮಿತ್ರಾಳ ಕಣ್ಣು ತುಂಬಿತ್ತು.

"ಆಯಿ ಹೆಸರು ಕೇಳಿದ್ರೆ ನೀವು ಎಂತಾ ಬರೀತ್ರಿ?" ಎಂದಳು ಅವಳು. "'ಆಯಿ' ಅಂತಲೇ ಬರ್ದಿರ್ತ್ರಿ."

ಹೌದು, ಹಾಗೇ ಬರೆದಿದ್ದೆ. ಖಾತೆ ಬಂದ್ ಆದಮೇಲೆ ನೆನಪಾಯಿತು.

ಅವಳು ಕಣ್ಣೊರೆಸಿ ನೇರ ಬೂತಿಗೆ ಹೋದಳು. ಶಾಲೆಗೆ ಫೋನು ಮಾಡಿ ಒಂದೇ ನಿಮಿಷಕ್ಕೆ ಹೊರಬಂದಳು. "ನಾಳೆ ಹತ್ತು ಗಂಟೆಗೆ ಬರೂಕೆ ಹೇಳಿದ್ರು. ಮೇಲ್‌ನಲ್ಲಿ ಬಂದ ಪತ್ರ ತೋರಿಸೂದು ಬೇಡವಂತೆ."

ಕೆಲಸ ಸಿಕ್ಕಿತು. ಮೊದಲ ವಾರವೇ ಅವಳು ತನ್ನದೇ ಇ-ಮೇಲ್ ತೆರೆದಳು, ವಸಂತಿ ಎಂಬ ಹೆಸರಿನಲ್ಲಿ. ಯಾರಿದು ವಸಂತಿ ಎಂದು ಕೇಳಹೊರಟವನಿಗೆ ಮದುವೆ ದಿನದ ತಟ್ಟೆ ನೆನಪಾಯಿತು. ಅಕ್ಕಿಯಲ್ಲಿ ಸುಮಿತ್ರಾ ಎಂದು ಬರೆದವನು ನಾನೇ ಅಲ್ಲವೇ?

ಅವಳ ಖಾತೆ ಇವತ್ತಿನವರೆಗೆ ಒಮ್ಮೆಯೂ ಬಂದ್ ಆಗಿಲ್ಲ. ಪಾಸ್‌ವರ್ಡ್ ನನಗೆ ಹೇಳದೇ ಇದ್ದದ್ದೇ ಕಾರಣವಂತೆ.