ನನ್ನನ್ನು ಸ್ಥಾಪಕನನ್ನಾಗಿ ಮಾಡಿದ ವಲಸೆ ಇಲಾಖೆಗೆ

ವಲಸೆ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ತಮ್ಮ ಮೇಜಿನ ಕಡತಗಳೂ ಅವುಗಳ ಮೇಲಿನ ಧೂಳೂ ಕ್ಷೇಮವೆಂದು ನಂಬಿ, ಕೃತಕ ಕಾಲಿಗೆ ಮಂಡಿಯ ಕೀಲು ಮಾಡುತ್ತಿದ್ದ ಪುಟ್ಟ ಕಂಪನಿಯೊಂದರ ಲೇತ್ ಕೆಲಸಗಾರನಾದ ನಾನು ಮಾಡುವ ನಮಸ್ಕಾರಗಳು.

ನಾಲ್ಕು ವರ್ಷದ ಹಿಂದೆ, ಹೊಸ ಉದ್ಯಮ ಕಟ್ಟುವ ವಿದೇಶಿಯರೆಲ್ಲ ಬನ್ನಿ ಎಂದು ತಾವು ಕರೆದಿರಿ. ಒಬ್ಬ ಹೆಂಗಸು ಅದನ್ನು ನಿಜವೆಂದೇ ನಂಬಿ ಬಂದುಬಿಟ್ಟರು. ನಾವು ಅವರನ್ನು ಮಂಡಿ ಮೇಡಂ ಎನ್ನುತ್ತಿದ್ದೆವು. ಹಳೆಯ ಗ್ಯಾರೇಜೊಂದನ್ನು ಬಾಡಿಗೆಗೆ ಹಿಡಿದು, ನಮ್ಮ ಭಾಷೆಯನ್ನು ಬೈಗುಳದಿಂದ ಶುರುಮಾಡಿ ಕಲಿತು, ಹನ್ನೊಂದು ಜನರಿಗೆ ಕೆಲಸ ಕೊಟ್ಟರು. ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದ ನನ್ನ ಭಾವ ಆ ಕೀಲು ಹಾಕಿಕೊಂಡು ಮೂರು ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತಾಗ, ಅಕ್ಕ ನಗಬೇಕೋ ಅಳಬೇಕೋ ತಿಳಿಯದೆ ಬೈದೇಬಿಟ್ಟಳು.

ವೀಸಾ ನವೀಕರಣದ ಹೊತ್ತಿಗೆ ತಾವು, ಸ್ಥಾಪಕರ ಹುದ್ದೆಗೆ ಸ್ಥಳೀಯರು ಯಾರೂ ಸಿಗಲಿಲ್ಲವೆಂದು ಸಾಬೀತು ಮಾಡಿ ಎಂದಿರಿ. ಮೇಡಂ ತಾವೇ ಕಟ್ಟಿದ ಕಂಪನಿಯಲ್ಲಿ ತಮ್ಮದೇ ಕುರ್ಚಿಗೆ ಜಾಹೀರಾತು ಕೊಟ್ಟರು. ಊಟದ ಹೊತ್ತಿನ ತಮಾಷೆಗೆ ನಾನೊಂದು ಅರ್ಜಿ ಗೀಚಿ ಹಾಕಿದೆ. ಅನುಭವ: ಮೇಡಂ ಕೈಲಿ ಮೂರು ವರ್ಷ ಬೈಸಿಕೊಂಡದ್ದು. ತಾವು ತಮಾಷೆಗೆಲ್ಲ ಜಗ್ಗುವವರೇ? "ಅರ್ಹ ಸ್ಥಳೀಯ ಅಭ್ಯರ್ಥಿ ಲಭ್ಯ" ಎಂದು ಮೊಹರು ಒತ್ತಿ, ದೇಶ ಬಿಡಲು ಮೇಡಂಗೆ ಮೂವತ್ತು ದಿನ ಕೊಟ್ಟಿರಿ. ನಾನು ಎದ್ದೆನೋ ಬಿದ್ದೆನೋ ಎಂದು ಓಡಿಬಂದು ಗೋಗರೆದಾಗ, ತಮ್ಮ ಗುಮಾಸ್ತರು "ಬಡ್ತಿ ಸಿಕ್ರೂ ಅಳ್ತೀಯಲ್ಲಪ್ಪ!" ಎಂದು ಕಿಟಕಿ ಮುಚ್ಚಿದರು.

ಮೇಡಂ ಅವತ್ತು ನನ್ನನ್ನು ಬೈಯಲಿಲ್ಲ. ಅದೇ ಇನ್ನೂ ಚುಚ್ಚುತ್ತದೆ. "ನಿನ್ನ ಅರ್ಜಿ ಇಲ್ದಿದ್ರೆ ಇನ್ನೊಂದು ನೆಪ ಹುಡುಕ್ತಿದ್ರು, ಬಿಡು" ಎಂದವರೇ ಪಕ್ಕದ ದೇಶಕ್ಕೆ ಅರ್ಜಿ ಬರೆದರು. ಒಂಬತ್ತೇ ದಿನಕ್ಕೆ ಒಪ್ಪಿಗೆ ಬಂತು. ಮೇಡಂ ಹೋದರು, ಹಿಂದೆಯೇ ನನ್ನ ಲೇತೂ ಹೋಯಿತು.

ಈಗ ನಾನು ಖಾಲಿ ಗ್ಯಾರೇಜಿನ ಸ್ಥಾಪಕ. ಅರ್ಹನೆಂದು ಘೋಷಿಸಿದ ತಾವೇ ಅರ್ಹತೆಯನ್ನೂ ದಯಪಾಲಿಸಬೇಕು; ಕೀಲಿನ ನಕ್ಷೆ ನನ್ನ ತಲೆಗೆ ತಾನಾಗಿ ಹೊಳೆಯುವಂತೆ ಸುತ್ತೋಲೆಯೊಂದನ್ನು ಹೊರಡಿಸಬೇಕು. ಭಾವನ ಕೀಲು ಸವೆದು ಕಿರುಗುಟ್ಟುತ್ತಿದೆ. ಅದರ ಮೇಲೂ ತಮ್ಮದೊಂದು ಮೊಹರು ಬಿದ್ದರೆ ಸರಿಹೋದೀತು.

ತಮ್ಮ ವಿಶ್ವಾಸಿ,
ತಾವೇ ನೇಮಿಸಿದ ಸ್ಥಾಪಕ

ವಿ.ಸೂ.: ನಮ್ಮ ಹನ್ನೊಂದೂ ಜನರನ್ನು ಮೇಡಂ ಅಲ್ಲಿಗೆ ಕರೆದಿದ್ದಾರೆ. ಪಾಸ್‌ಪೋರ್ಟ್ ಅರ್ಜಿಗಳು ತಮ್ಮ ಮೇಜಿಗೇ ಬರುತ್ತವಂತೆ. ದಯವಿಟ್ಟು ಎಂದಿನ ವೇಗದಲ್ಲೇ ನೋಡಿ. ನನ್ನ ಮಗಳಿನ್ನೂ ಒಂದನೇ ತರಗತಿ. ಅವಳ ಮದುವೆ ಮುಗಿಸಿಕೊಂಡೇ ಹೊರಡುತ್ತೇನೆ.