ಪೂರ್ವಾನುಮತಿ ಇಲ್ಲದೆ ಗುಣಮುಖರಾದದ್ದು

ಸಿರುಗುಪ್ಪದ ನಿವೃತ್ತ ಗೇಜ್ ರೀಡರ್ ಮರಿಬಸಪ್ಪನವರು ಕಳೆದ ಅಕ್ಟೋಬರ್ ಹದಿನಾಲ್ಕರಂದು, ಯಾವ ಪೂರ್ವಾನುಮತಿಯನ್ನೂ ಪಡೆಯದೆ, ಸಕ್ಕರೆ ಕಾಯಿಲೆಯಿಂದ ಗುಣಮುಖರಾದರು. ಇಂಥದೊಂದು ಘಟನೆ ಸಂಬಂಧಪಟ್ಟ ಕಚೇರಿಯ ದಾಖಲೆಗಳಲ್ಲಿ ಹಿಂದೆಂದೂ ವರದಿಯಾಗಿರಲಿಲ್ಲ.

ತಪ್ಪು ಪೂರ್ತಿಯಾಗಿ ಅವರದೇನೂ ಅಲ್ಲ. ಹೆಂಡತಿ ವೀರಭದ್ರಮ್ಮನವರ ಪಾತ್ರವೂ ಇದರಲ್ಲಿದೆ. ಮೂರು ಹೊತ್ತೂ ಅನ್ನ ಉಣ್ಣುವ ಊರಿನಲ್ಲಿ, ರೈಸ್ ಮಿಲ್ಲಿನ ಹೊಟ್ಟು ಗಾಳಿಗೆ ಹಾರಿ ಅಂಗಳಕ್ಕೆ ಬೀಳುವಂಥ ಮನೆಯಲ್ಲಿ, ಆಕೆ ಒಂದೂವರೆ ವರ್ಷದ ಹಿಂದೆ ಅನ್ನದ ಡಬರಿಯನ್ನು ಎತ್ತಿ ಅಟ್ಟಕ್ಕೆ ಹಾಕಿದರು. ಗಂಡನ ತಟ್ಟೆಗೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ಮಂಜೂರಾದವು. ಬೆಳಿಗ್ಗೆ ಎದ್ದ ಕೂಡಲೇ ಮನೆಯಿಂದ ಹೊರಗೆ ಹಾಕುವುದು ಇನ್ನೊಂದು ಕ್ರಮ.

"ಕಾಲುವಿ ಗೇಜ್ ಕಲ್ಲಿನ ತನಕ ಹೋಗಿ ಬರ್ರಿ. ನೀರು ಎಷ್ಟೈತಿ ಅಂತ ಬಂದು ಹೇಳಿದ್ರ ಚಾ."

ಹೀಗೆ ದಿನಾ ಹೋಗಿ ಬರಲು ಆರು ಕಿಲೋಮೀಟರ್. ಸುಳ್ಳು ಅಂಕಿ ಹೇಳಿ ಚಹಾ ಕುಡಿಯುವ ಸ್ವಭಾವ ಮರಿಬಸಪ್ಪನವರದಲ್ಲ. ಊರಿನ ಡಾಕ್ಟರಮ್ಮ ಅರುಣಾ ಗುಳಿಗೆಗಳನ್ನು ಒಂದೊಂದಾಗಿ ಇಳಿಸುತ್ತಾ ಬಂದು, ಅಕ್ಟೋಬರ್ ಹದಿನಾಲ್ಕರಂದು ಚೀಟಿಯ ಮೇಲೆ 'ಸಕ್ಕರೆ ಹತೋಟಿಯಲ್ಲಿದೆ, ಗುಳಿಗೆ ಬೇಕಿಲ್ಲ' ಎಂದು ಬರೆದು ಸಹಿ ಹಾಕಿದರು.

ಬೇರೆ ಯಾರಾದರೂ ಆಗಿದ್ದರೆ ಚೀಟಿಯನ್ನು ಜೇಬಿಗಿಟ್ಟು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಮರಿಬಸಪ್ಪನವರು ಮೂವತ್ತನಾಲ್ಕು ವರ್ಷ ಕಾಲುವೆಯ ನೀರಿನ ಮಟ್ಟ ಓದಿ, ಅದನ್ನು ದಿನಾ ಮೇಲಿನವರಿಗೆ ವರದಿ ಮಾಡಿದ ಮನುಷ್ಯ. 'ಅರ್ಧ ಅಡಿ ಸೇರಿಸಿ ಬರಿ' ಎಂದ ಸಾಹೇಬರುಗಳೆಲ್ಲ ಬಡ್ತಿ ಪಡೆದು ಹೋದರು. ಒಂದು ಬೆರಳಿನಷ್ಟೂ ಸೇರಿಸದ ಇವರು ಸೇರಿದ ಹುದ್ದೆಯಲ್ಲೇ ನಿವೃತ್ತರಾದರು. ಮಟ್ಟ ಇಳಿದರೆ ಮೇಲಕ್ಕೆ ತಿಳಿಸಬೇಕೆಂಬುದು ಅವರ ರಕ್ತದಲ್ಲೇ ಇತ್ತು. ಆದ್ದರಿಂದ ಉಳಿದಿದ್ದ ಎಂಬತ್ತಮೂರು ಗುಳಿಗೆಗಳನ್ನು ಎಣಿಸಿ ಲಕೋಟೆಗೆ ಹಾಕಿ, ಮೇಲೊಂದು ಪತ್ರ ಬರೆದು, ಬಳ್ಳಾರಿಯ ಬಸ್ಸು ಹತ್ತಿದರು.

ಬಳ್ಳಾರಿಯಲ್ಲಿ 'ನಿವೃತ್ತರ ನಿರಂತರ ಆರೋಗ್ಯ ಪಾಲನಾ ಕೇಂದ್ರ' ಎಂಬ ಕಚೇರಿ ಇದೆ. ನಿವೃತ್ತರಿಗೂ ಅವರ ಅವಲಂಬಿತರಿಗೂ ಒಂದೇ ಕಾರ್ಡಿನ ಮೇಲೆ ತಿಂಗಳ ಗುಳಿಗೆಗಳನ್ನು ಉಚಿತವಾಗಿ ಕೊಡುವುದು ಅದರ ಕೆಲಸ. ವಿಷಯ ನಿರ್ವಾಹಕ ಹುಲಿಗೇಶ್ ಪತ್ರವನ್ನು ಎರಡು ಸಲ ಓದಿ, ರಿಜಿಸ್ಟರ್ ತಿರುವಿದರು.

"ಯಜಮಾನ್ರೇ, ಇದರಾಗ ಹೊರಗ ಹೋಗಾಕ ಎರಡೇ ಕಾಲಂ ಅದಾವ. ಒಂದು ಮರಣ, ಇನ್ನೊಂದು ಬ್ಯಾರೆ ಜಿಲ್ಲಾಕ್ಕ ವರ್ಗ. ನಿಮ್ಮನ್ನ ಯಾವುದರಾಗ ಹಾಕ್ಲಿ?"

"ನಾನು ಆರಾಮ ಅದೀನ್ರಿ."

"ಅದಕ್ಕ ಕಾಲಂ ಇಲ್ರಿ."

"ಗುಳಿಗಿನಾದ್ರೂ ವಾಪಸ್ ತಗೊಳ್ರಿ."

"ತಗೊಂಡ್ರ ನಾವು ಕೊಟ್ಟಿದ್ದು ತಪ್ಪಂತ ಆಗತೈತಿ," ಎಂದು ಹುಲಿಗೇಶ್ ಚಹಾ ತರಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ಕೇಂದ್ರಕ್ಕೆ ಆ ವರ್ಷ ಹನ್ನೆರಡು ಲಕ್ಷ ಗುಳಿಗೆ ಹಂಚುವ ಗುರಿ ನಿಗದಿಯಾಗಿತ್ತು, ಸಾಧಿಸಿದರೆ ಗುಳಿಗೆ ಸರಬರಾಜುದಾರರ ಖರ್ಚಿನಲ್ಲಿ ಸಿಬ್ಬಂದಿಗೆಲ್ಲ ಗೋವಾ ಪ್ರವಾಸವೂ ಇತ್ತು.

ವಾರದೊಳಗೆ ಮನೆಗೆ ನೋಟಿಸು ಬಂತು.

'ತಾವು ಸಕ್ಷಮ ಪ್ರಾಧಿಕಾರದ ಅನುಮತಿಯಿಲ್ಲದೆ ಗುಣಮುಖರಾಗಿರುವುದು ಗಮನಕ್ಕೆ ಬಂದಿರುತ್ತದೆ. ಯಾಕೆ ಗುಣಮುಖರಾದಿರಿ ಎಂಬುದಕ್ಕೆ ಏಳು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ನವೆಂಬರ್ ಮೂವತ್ತರೊಳಗೆ ರೋಗ ಮುಂದುವರಿಕೆ ಪ್ರಮಾಣಪತ್ರ ಸಲ್ಲಿಸದಿದ್ದಲ್ಲಿ ಕಾರ್ಡು ಅವಲಂಬಿತರ ಸಮೇತ ರದ್ದಾಗುವುದು.'

'ಅವಲಂಬಿತರ ಸಮೇತ' ಎಂಬಲ್ಲಿಗೆ ಬಂದಾಗ ಮರಿಬಸಪ್ಪನವರು ಕನ್ನಡಕ ಒರೆಸಿಕೊಂಡು ಅದನ್ನೇ ಮತ್ತೊಮ್ಮೆ ಓದಿದರು. ವೀರಭದ್ರಮ್ಮನವರಿಗೆ ಎರಡು ವರ್ಷದ ಹಿಂದೆ ಹೃದಯದ ಆಪರೇಶನ್ ಆಗಿತ್ತು. ಆಕೆಯ ನಾಲ್ಕು ಬಗೆಯ ಗುಳಿಗೆ ಬರುತ್ತಿದ್ದುದು ಇವರ ಕಾರ್ಡಿನ ಮೇಲೆ. ಗಂಡನ ಸಕ್ಕರೆಯೇನೋ ರೊಟ್ಟಿಯ ಮಾತು ಕೇಳಿತ್ತು, ಆದರೆ ಆಕೆಯ ಎದೆ ಕೇಳುವುದಿಲ್ಲ, ಒಂದು ಗುಳಿಗೆಯನ್ನೂ ತಪ್ಪಿಸಬೇಡಿ ಎಂದು ಅದೇ ಅರುಣಾ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ಹೊರಗೆ ಕೊಂಡು ತರುವಷ್ಟು ಪೆನ್ಶನ್ ಅಲ್ಲ. ಅವರಿಗೆ ಭಯವಾಯಿತು. ತಾನು ಆರಾಮಾದದ್ದರ ಬಗ್ಗೆ ಜೀವನದಲ್ಲಿ ಮೊದಲ ಸಲ ನಾಚಿಕೆಯೂ ಆಯಿತು.

ಸಮಜಾಯಿಷಿಯಲ್ಲಿ ಅವರು ಇದ್ದದ್ದನ್ನು ಇದ್ದ ಹಾಗೆ ಬರೆದರು: ರೊಟ್ಟಿ, ಪಲ್ಯ, ಕಾಲುವೆ ದಂಡೆಯ ನಡಿಗೆ. ಕೇಂದ್ರ ಅದನ್ನು ಕೂಲಂಕಷವಾಗಿ ಪರಿಶೀಲಿಸಿ, ಜೋಳದ ರೊಟ್ಟಿಯು ಅನುಮೋದಿತ ಔಷಧಗಳ ಪಟ್ಟಿಯಲ್ಲಿ ಇಲ್ಲವೆಂದೂ, ಅದರ ತಯಾರಿಕಾ ದಿನಾಂಕ ಹಾಗೂ ಅವಧಿ ಮುಗಿಯುವ ದಿನಾಂಕಗಳನ್ನು ನಮೂದಿಸಿಲ್ಲವೆಂದೂ, ವೀರಭದ್ರಮ್ಮ ಎಂಬವರಿಗೆ ಔಷಧ ತಯಾರಿಕೆಯ ಪರವಾನಗಿ ಇದ್ದರೆ ಅದರ ನಕಲು ಲಗತ್ತಿಸಬೇಕೆಂದೂ ಉತ್ತರಿಸಿತು.

ಮರಿಬಸಪ್ಪನವರು ಮತ್ತೆ ಹುಲಿಗೇಶರ ಮುಂದೆ ನಿಂತರು.

"ಭಾಳ ಸರಳ ಐತ್ರಿ," ಎಂದರು ಹುಲಿಗೇಶ್. "ಕುರುಗೋಡಿನಾಗ ಪರೀಕ್ಷಾ ಶಿಬಿರ ಐತಿ. ಊಟ ಆಗಿ ಎರಡು ತಾಸಿಗೆ ರಕ್ತ ತಗಿತಾರ. ಇನ್ನೂರು ದಾಟಿದ್ರ ಪ್ರಮಾಣಪತ್ರ. ನಿಮ್ಮದು ದಾಟೂದಿಲ್ಲಂದ್ರ, ದಾಟೋರ ರಕ್ತ ನಿಮ್ಮ ಹೆಸರಿಗೆ ಬರಿಸಿದ್ರಾತು. ಎಲ್ಲಾರೂ ಮಾಡ್ತಾರ."

"ಗೇಜಿನಾಗ ಇಲ್ಲದ ನೀರು ನಾನು ಬರಿಯೂದಿಲ್ರಿ."

"ಹಂಗಾದ್ರ ನೀರು ಬಿಟಗೊಂಡು ಬರ್ರಿ," ಎಂದು ಹುಲಿಗೇಶ್ ಬೇಸರವಿಲ್ಲದೆ ಹೇಳಿದರು. ಮರಿಬಸಪ್ಪನವರಿಗೆ ಈ ಮಾತು ನ್ಯಾಯವೆನಿಸಿತು.

ನವೆಂಬರ್ ಇಪ್ಪತ್ತೆಂಟರಂದು ಅವರು ಕುರುಗೋಡಿಗೆ ಹೋಗಿ, ಶಿಬಿರದ ಎದುರಿನ ಹೋಟೆಲಿನಲ್ಲಿ ಎರಡು ಪ್ಲೇಟ್ ಅನ್ನ ಸಾರು, ಅದರ ಮೇಲೆ ಆರು ಜಿಲೇಬಿ ತಿಂದರು. ಹೋಟೆಲಿನವನು ಪ್ರಮಾಣಪತ್ರದ ಊಟವೆಂದೇ ಬೋರ್ಡು ಹಾಕಿದ್ದ. ಉಳಿದ ನಿವೃತ್ತರು ಉಂಡು ಬೆಂಚಿನ ಮೇಲೆ ತೂಕಡಿಸಿದರು. ಮರಿಬಸಪ್ಪನವರಿಗೆ ಸುಮ್ಮನೆ ಕೂತು ರೂಢಿ ತಪ್ಪಿತ್ತು. ಎರಡು ತಾಸು ಹೊತ್ತು ಹೋಗದೆ ಗುಡ್ಡದ ಬುಡಕ್ಕೆ ಒಂದು ಸುತ್ತು, ಬಸ್ ಸ್ಟ್ಯಾಂಡಿಗೆ ಎರಡು ಸುತ್ತು ಹೋಗಿ ಬಂದರು. ರಿಪೋರ್ಟು ನೂರಾ ನಲವತ್ತೆಂಟು ತೋರಿಸಿತು.

"ಅನುತ್ತೀರ್ಣ," ಎಂದು ಶಿಬಿರದ ನೌಕರ ಕನಿಕರದಿಂದ ಅವರ ಬೆನ್ನು ತಟ್ಟಿದ. "ನಾಡಿದ್ದು ಕಡೀ ದಿನ. ಚಲೋತ್ನಂಗ ಓದಿಕೊಂಡು ಬರ್ರಿ."

ಮನೆಗೆ ಬಂದು ಹೇಳಿದಾಗ ವೀರಭದ್ರಮ್ಮನವರು ರಿಪೋರ್ಟನ್ನು ಕೈಯಿಂದ ತೆಗೆದುಕೊಂಡು ಮಡಚಿಟ್ಟರು.

"ನನ್ನ ಗುಳಿಗಿ ಸಲುವಾಗಿ ನೀವು ವಿಷಾ ತಿನ್ನೂದು ಬ್ಯಾಡ್ರಿ. ನಿಂತ್ರ ನಿಲ್ಲಲಿ."

"ನೀ ಒಂದು ದಿನ ಗುಳಿಗಿ ಬಿಟ್ಟಿ ಅಂದ್ರ ನಾನು ಗೇಜ್ ಕಲ್ಲಿನ ತನಕ ಯಾರ ಚಾದ ಆಸಿಗೆ ಹೋಗ್ಲಿ?" ಎಂದರು ಮರಿಬಸಪ್ಪ. ಅದಕ್ಕಿಂತ ಹೆಚ್ಚು ಪ್ರೀತಿಯ ಮಾತನ್ನು ನಲವತ್ತೆರಡು ವರ್ಷದಲ್ಲಿ ಅವರು ಆಡಿರಲಿಲ್ಲ.

ಆಕೆ ಎದ್ದು ಕಡಲೆಬೇಳೆ ಬೇಯಲಿಟ್ಟರು. ಒಂದೂವರೆ ವರ್ಷ ಕಷ್ಟಪಟ್ಟು ತಾನೇ ಇಳಿಸಿದ್ದ ಸಕ್ಕರೆಯನ್ನು ತಾನೇ ಏರಿಸಲು ಹೂರಣ ರುಬ್ಬುವಾಗ ಅತ್ತರು. ಅಟ್ಟದ ಮೇಲಿದ್ದ ಡಬರಿ ಕೆಳಗಿಳಿಯಿತು. ಮೂವತ್ತರ ಬೆಳಿಗ್ಗೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಕುರುಗೋಡಿಗೆ ಹೋದರು. ಗಂಡ ಏಳು ಹೋಳಿಗೆ, ಎರಡು ಡಬ್ಬಿ ಅನ್ನ ಉಂಡ ಮೇಲೆ ಆಕೆ ಎರಡು ತಾಸು ಅವರ ಪಂಚೆಯ ಅಂಚನ್ನು ಮಂಡಿಯ ಕೆಳಗೆ ಒತ್ತಿಕೊಂಡು ಬೆಂಚಿನ ಮೇಲೆ ಕೂತರು. ಒಂದು ಸಲವೂ ಏಳಗೊಡಲಿಲ್ಲ.

ಇನ್ನೂರಾ ಹನ್ನೊಂದು ಬಂತು. ಶಿಬಿರದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹುಲಿಗೇಶ್ ಬಳ್ಳಾರಿಯಿಂದ ಫೋನು ಮಾಡಿ ಅಭಿನಂದಿಸಿದರು. ಕಾರ್ಡು ಉಳಿಯಿತು. ಅಂದೇ ಬಳ್ಳಾರಿಯ ಕೇಂದ್ರದಲ್ಲಿ ವೀರಭದ್ರಮ್ಮನವರ ನಾಲ್ಕು ಬಗೆಯ ಗುಳಿಗೆ ಕೈಗೆ ಬಂದವು. ಮರಿಬಸಪ್ಪನವರ ಪಾಲಿನವೂ ಬಂದವು. ಅವು ಲಕೋಟೆಯಲ್ಲಿದ್ದ ಎಂಬತ್ತಮೂರನ್ನು ಸೇರಿಕೊಂಡವು.

ಈಗ ಎಲ್ಲ ಸುಸೂತ್ರವಾಗಿದೆ. ಕಾಲುವೆಗೆ ನೀರು ಬಿಡುವ, ನಿಲ್ಲಿಸುವ ವೇಳಾಪಟ್ಟಿಯಂತೆಯೇ ಮರಿಬಸಪ್ಪನವರು ತಮ್ಮ ಸಕ್ಕರೆಗೂ ಒಂದನ್ನು ಬರೆದು ಗೋಡೆಗೆ ಅಂಟಿಸಿದ್ದಾರೆ. ವರ್ಷದ ಮುನ್ನೂರಾ ಅರವತ್ತನಾಲ್ಕು ದಿನ ಗೇಟು ಬಂದ್, ನವೆಂಬರ್ ಮೂವತ್ತರಂದು ಮಾತ್ರ ಪೂರ್ಣ ಪ್ರಮಾಣ. ಅರುಣಾ ಡಾಕ್ಟರಮ್ಮ ಅದನ್ನು ನೋಡಿ ತಲೆ ಚಚ್ಚಿಕೊಂಡರು, ಆಮೇಲೆ ಇನ್ನೂ ಹತ್ತು ಮಂದಿಗೆ ಅದರ ಜೆರಾಕ್ಸ್ ಕೊಟ್ಟರು. ಬೆಳಗಿನ ಕಾಲುವೆ ದಂಡೆಯ ಮೇಲೆ ಈಗ ಸಾಲಾಗಿ ನಿವೃತ್ತರು ನಡೆಯುತ್ತಾರೆ. ಹನ್ನೆರಡು ಲಕ್ಷದ ಗುರಿ ಮುಟ್ಟಿದ್ದಕ್ಕೆ ಕೇಂದ್ರದವರು ಗೋವಾಕ್ಕೆ ಹೋಗಿ ಬಂದರು.

ಅಲ್ಲಿಂದ ಬಂದವರೇ ಕೇಂದ್ರದ ಗೋಡೆಗೆ 'ಆಹಾರವೇ ಔಷಧ, ನಡಿಗೆಯೇ ನವಚೈತನ್ಯ' ಎಂಬ ದೊಡ್ಡ ಫಲಕ ಹಾಕಿಸಿದ್ದಾರೆ. ಅದರಲ್ಲಿ ಮರಿಬಸಪ್ಪನವರು ಗೇಜ್ ಕಲ್ಲಿನ ಪಕ್ಕ ನಿಂತಿರುವ ಫೋಟೋ ಇದೆ. ತಿಂಗಳ ಮೊದಲ ಸೋಮವಾರ ಅವರು ಅದರ ಕೆಳಗೇ ಸರದಿಯಲ್ಲಿ ನಿಂತು ಸಕ್ಕರೆ ಗುಳಿಗೆ ತೆಗೆದುಕೊಳ್ಳುತ್ತಾರೆ.

"ಕಾಯಿಲೆ ಮುಂದುವರದೈತ್ರಿ?" ಎಂದು ಹುಲಿಗೇಶ್ ರಿಜಿಸ್ಟರ್ ನೋಡಿ ಕೇಳುತ್ತಾರೆ.

"ನಿಯಮದ ಪ್ರಕಾರ ಐತ್ರಿ," ಎಂದು ಮರಿಬಸಪ್ಪನವರು ಸಹಿ ಹಾಕಿ, ಹೆಂಡತಿಯ ಗುಳಿಗೆಗಳನ್ನು ಮಾತ್ರ ಎರಡು ಸಲ ಎಣಿಸಿಕೊಂಡು, ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋಗುತ್ತಾರೆ.